ಉಸಿರು ಬದಲಿಸುವ ಜಾಗ

ಹತ್ತು ಗಂಟೆಗೆ ಬರಬೇಕಾದವನು ಹತ್ತೂ ನಲವತ್ತಾದರೂ ಬಂದಿಲ್ಲವೆಂದ ಮಾತ್ರಕ್ಕೆ ಸತ್ತುಹೋಗಿದ್ದಾನೆ ಎಂದು ಅರ್ಥವಲ್ಲ, ಎಂದು ಪಾರೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದೇ ತಪ್ಪಾಯಿತು. ಅಲ್ಲಿಯವರೆಗೆ ಆ ಮಾತು ಬಾಗಿಲ ಹೊರಗೆ ನಿಂತಿತ್ತು. ಈಗ ತಾನೇ ಬಾ ಎಂದು ಕರೆದು ಕೂರಿಸಿದಂತಾಯಿತು. ಊಟದ ಮನೆಯ ಉದ್ದನೆಯ ಸ್ಟೀಲ್ ಮೇಜಿನ ಮುಂದೆ ನಿಂತು ಅವಳು ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಎದುರಿನ ಕಿಟಕಿಯಲ್ಲಿ ನೀರಿಳಿದ ಅಳಿವೆ, ಕೆಸರಿನ ಮೇಲೆ ಓರೆಯಾಗಿ ಮಲಗಿದ ಎರಡು ದೋಣಿ, ಅದರಾಚೆ ಬೆಟ್ಟದಿಂದ ಇಳಿದು ಬರುವ ರಸ್ತೆಯ ಒಂದೇ ಒಂದು ತಿರುವು. ತಿಪೆನೆಯ ಬಿಳಿ ವ್ಯಾನು ಬಂದರೆ ಆ ತಿರುವಿನಲ್ಲಿ ಒಂದು ಕ್ಷಣ ಕಾಣಿಸಬೇಕು. ಬೆಳಗಿನ ಐದೂವರೆಗೆ ಆಕ್ಲೆಂಡ್ ಬಿಟ್ಟೆ, ಪೆಟ್ಟಿಗೆಗಳೆಲ್ಲ ಹಿಂದೆ ಇವೆ ಎಂದು ಸಂದೇಶ ಕಳಿಸಿದ್ದ. ಪೆಟ್ಟಿಗೆಗಳಲ್ಲಿರುವುದು ಇವತ್ತು ಊರೆಲ್ಲ ಸೇರಿ ಕೇಳಲಿರುವ ಅವರಿಬ್ಬರ ಮೊದಲ ಆಲ್ಬಮ್, ಮುನ್ನೂರು ಕರಿ ಗ್ರಾಮಫೋನ್ ತಟ್ಟೆಗಳು. ಅವನ ಎಲೆಕ್ಟ್ರಿಕ್ ಗಿಟಾರು, ಇವಳ ಕಾಲಡಿಯ ಡೋಲು, ಇಬ್ಬರ ಕಂಠ; ಒಂಬತ್ತು ಹಾಡು ಅವರದೇ, ಹತ್ತನೆಯದು ಮಾತ್ರ ಹಿರಿಯರದು. ಆ ಸಂದೇಶದ ಆಮೇಲೆ ಅವನ ಫೋನು ಸತ್ತಿದೆ. ಸತ್ತಿದೆ ಅನ್ನಬಾರದು. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಊರಿಗೆಲ್ಲ ಗೊತ್ತಿರುವ ವಿಷಯ.

"ಏ ಪಾರೆ, ಸಿಪ್ಪೆ ತೆಗೀತಿದ್ದೀಯೋ, ಗೆಣಸಲ್ಲಿ ಬೊಂಬೆ ಕೆತ್ತುತ್ತಿದ್ದೀಯೋ?" ಎಂದಳು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಆಂಟಿ ವಾಯಿ. ಪಾರೆ ನೋಡಿಕೊಂಡಳು. ಮುಷ್ಟಿಗಾತ್ರದ ಗೆಣಸು ಅವಳ ಕೈಯಲ್ಲಿ ಹೆಬ್ಬೆರಳಿನಷ್ಟಾಗಿತ್ತು. ಮೇಜಿನ ಸುತ್ತ ಇದ್ದ ನಾಲ್ಕೈದು ಹೆಂಗಸರು ಗೊಳ್ಳೆಂದರು. "ಸುಮ್ನಿರ‍್ರೇ, ಅವಳೀಗ ದೊಡ್ಡ ಗಾಯಕಿ. ನಮ್ಮ ಹಂಗೆ ಸಿಪ್ಪೆ ತೆಗೆಯೋಕಾಗತ್ತಾ?" ಎಂದು ಇನ್ನೊಬ್ಬಳು ಸೇರಿಸಿದಳು. ಪಾರೆಯೂ ನಕ್ಕಳು, ನಗದಿದ್ದರೆ ಇನ್ನಷ್ಟು ಕೇಳುತ್ತಾರೆ. ಮೂಲೆಯ ರೇಡಿಯೋ ಹವಾಮಾನ ಮುಗಿಸಿ ರಸ್ತೆಯ ಸುದ್ದಿಗೆ ಬಂದಿತ್ತು: ಬೆಟ್ಟದ ದಾರಿಯಲ್ಲಿ ಅಪಘಾತ, ಒಂದು ಬದಿ ಮುಚ್ಚಿದೆ, ವಾಹನ ಸವಾರರು... ಅಷ್ಟರಲ್ಲಿ ಆಂಟಿ ವಾಯಿ ಹಿಟ್ಟಿನ ಮೊಣಕೈಯಿಂದಲೇ ಗುಂಡಿ ತಿರುಗಿಸಿ ಯಾವುದೋ ಕುಣಿತದ ಹಾಡು ಹಾಕಿಬಿಟ್ಟಳು. "ಆಂಟಿ, ಅದೇ ಇರಲಿ," ಎಂದ ಪಾರೆಯ ದನಿ ಎಷ್ಟು ಜೋರಾಗಿತ್ತೆಂದರೆ ಎಲ್ಲರೂ ತಿರುಗಿ ನೋಡಿದರು. "ನಿಮ್ಮ ಹಾಡು ಇನ್ನೂ ರೇಡಿಯೋಲಿ ಬರಲ್ಲ ಮಗಳೇ, ತಡಕೋ," ಎಂದಳು ಆಂಟಿ. ಮತ್ತೆ ನಗು. ಪಾರೆಯ ಕಿವಿ ಕಾದವು. ಅಪಘಾತ ಯಾವ ಬಣ್ಣದ ಗಾಡಿಗೆ ಎಂದು ಕೇಳಲು ಹೋದರೆ ಯಾಕೆ ಕೇಳಿದೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಈ ಮೇಜು, ಈ ಹಿಟ್ಟು, ಈ ನಗು ಎಲ್ಲ ಅಲ್ಲೇ ನಿಂತುಹೋಗುತ್ತದೆ. ಎರಡು ತಿಂಗಳಿಂದ ಅವಳು ಬಾಯಿಯೊಳಗೆ ಕಲ್ಲು ಇಟ್ಟುಕೊಂಡವಳಂತೆ ಓಡಾಡುತ್ತಿದ್ದಳು.

ಹಾಡು ಒಡೆಯಬಾರದು. ನ್ಯಾನ್ ಮಾಕೆರೆ ಇದನ್ನು ಬೆದರಿಸಿ ಕಲಿಸಿದವಳಲ್ಲ. ತಾಯಿತಂದೆ ದುಡಿಮೆಗೆಂದು ಊರೂರು ಅಲೆಯುವಾಗ ಪಾರೆಯನ್ನೂ ಅವಳ ಚಿಕ್ಕಪ್ಪನ ಮಗ ತಿಪೆನೆಯನ್ನೂ ಸಾಕಿದ ಅಜ್ಜಿ ಅವಳು. ಮರುವಾಯಿ ಚಿಪ್ಪು ಹೆಕ್ಕಲು ಇಬ್ಬರನ್ನೂ ಕೆಸರಿಗಿಳಿಸಿ, ತಾನು ಸೊಂಟಕ್ಕೆ ಕೈಕೊಟ್ಟು ನಿಂತು, ಬಕೆಟ್ಟು ತುಂಬುವವರೆಗೆ ಹಾಡಿಸುತ್ತಿದ್ದಳು. ಊಟದ ಎದುರು ಹಾಡಬಾರದ ಹಾಡು ಅದು, ಆದ್ದರಿಂದ ಕಲಿತದ್ದೆಲ್ಲ ಗಾಳಿಯಲ್ಲೇ. ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಹೋದ ಇಬ್ಬರು ಅಣ್ಣಂದಿರಿಗಾಗಿ ಹಿಂದಿನ ಕಾಲದ ಒಬ್ಬಳು ತಂಗಿ ಕಟ್ಟಿದ ಅಳು. ಶುರುವಾದರೆ ಮುಗಿಯುವವರೆಗೆ ಎಲ್ಲೂ ನಿಲ್ಲುವ ಹಾಗಿಲ್ಲ. ಒಬ್ಬರು ಉಸಿರು ಎಳೆಯುವಾಗ ಇನ್ನೊಬ್ಬರು ದನಿ ಹೊತ್ತಿರಬೇಕು, ಅವರಿಗೆ ಉಸಿರು ಬೇಕಾದಾಗ ಇವರು ಹೊರಬೇಕು. ಕೇಳುವವರಿಗೆ ಒಂದೇ ಉದ್ದನೆಯ ದನಿ. "ನಿನ್ನ ಉಸಿರು ಅವನ ಹತ್ರ ಇರತ್ತೆ, ಅವನದು ನಿನ್ನ ಹತ್ರ," ಎನ್ನುತ್ತಿದ್ದಳು ನ್ಯಾನ್. ಒಡೆದರೆ? ಒಡೆದರೆ ಹಾಡಿದವರ ಮನೆಯಲ್ಲಿ ಯಾರೋ ಹೋಗುತ್ತಾರೆ. ಅಷ್ಟೆ. ಇದನ್ನು ನಂಬುತ್ತೀರಾ ಎಂದು ಯಾರಾದರೂ ಕೇಳಿದರೆ ಊರಿನವರು ನಕ್ಕು ಮಾತು ಬದಲಿಸಿಯಾರು, ಆದರೆ ಒಡೆದು ನೋಡುವ ಧೈರ್ಯ ಒಬ್ಬರಿಗೂ ಇಲ್ಲ. ಬಳಗದ ಹಿರಿಯ ಅಂಕಲ್ ಹೊಹೆಪಾನ ತಮ್ಮನ ಮಣ್ಣಿನ ದಿನ ಒಡೆದಿತ್ತಂತೆ, ಹುಣ್ಣಿಮೆ ಬರುವುದರೊಳಗೆ ಅವರ ಮನೆಯಲ್ಲಿ ಇನ್ನೊಂದು ಶವಪೆಟ್ಟಿಗೆ ಎತ್ತಿದರಂತೆ. ಆಗ ಹಾಡಿದವರು ಏಳು ಜನ. ಏಳು ಜನ ಇದ್ದರೂ ಒಡೆಯಿತು. ಸ್ಟುಡಿಯೋದಲ್ಲಿ ಇದ್ದದ್ದು ಇಬ್ಬರೇ.

ಮೂರನೆಯ ನುಡಿಯ ಕೊನೆ. ಅಲ್ಲಿ ತಿಪೆನೆ ಉಸಿರು ತೆಗೆದುಕೊಳ್ಳುತ್ತಾನೆ, ಪಾರೆ ಹೊರಬೇಕು. ಕೆಸರಿನಲ್ಲಿ ನಿಂತು ಸಾವಿರ ಸಲ ಹೊತ್ತ ಜಾಗ. ಆ ದಿನ ಹಾಡುವುದಕ್ಕೆ ಮೊದಲು ತಿಪೆನೆ ಅವಳಿಗೆ, "ಸಿಸ್, ಮೂರನೇದು ಮುಗಿಯೋ ಹೊತ್ತಿಗೆ ನಿನ್ನ ದನಿ ಒಂಚೂರು ಇಳೀತಿದೆ, ನೋಡ್ಕೋ," ಎಂದಿದ್ದ. ಬರಿ ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಗಾಜಿನಾಚೆ ಕೂತಿದ್ದ ಡಂಕನ್ ಎಂಬ ಬಿಳಿಯ, ಧ್ವನಿಮುದ್ರಣ ಮಾಡುವವನು, ಅದನ್ನು ಕೇಳಿಸಿಕೊಂಡು ತುಟಿಯ ಒಂದು ಮೂಲೆಯಲ್ಲಿ ನಕ್ಕಿದ್ದ. ಇಳಿಯುತ್ತದೆಯೇ, ತೋರಿಸುತ್ತೇನೆ ಎಂದುಕೊಂಡಳು. ನಾಲ್ಕನೆಯ ನುಡಿಯ ಮೇಲೆದ್ದು ಹೋಗುವ ಸಾಲನ್ನು ಗಾಜು ನಡುಗುವಂತೆ ಹಾಡಬೇಕು, ಅದಕ್ಕೆ ಎದೆ ತುಂಬ ಗಾಳಿ ಬೇಕು. ತೆಗೆದುಕೊಂಡಳು. ತನ್ನದಲ್ಲದ ಜಾಗದಲ್ಲಿ, ಅವನು ತೆಗೆದುಕೊಳ್ಳುತ್ತಿದ್ದಾಗಲೇ. ಕಣ್ಣೆವೆ ಬಡಿಯುವಷ್ಟು ಹೊತ್ತು ಆ ಕೋಣೆಯಲ್ಲಿ ಯಾರ ದನಿಯೂ ಇರಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದ ತಿಪೆನೆ, "ಏನ್ ಹಾಡಿದ್ಯೇ!" ಎಂದು ಅವಳ ಹಣೆಗೆ ಹಣೆ ತಾಗಿಸಿದ. ಅವನಿಗೆ ಕೇಳಿಸಿರಲಿಲ್ಲ. ಉಸಿರು ಎಳೆಯುವವನಿಗೆ ತನ್ನ ಉಸಿರೇ ಜೋರು, ಮೇಲಾಗಿ ಅಲ್ಲಿ ಪಾರೆ ಇದ್ದಾಳೆ ಎಂದು ನಂಬಿದವನು ಕಿವಿಗೊಟ್ಟು ಪರೀಕ್ಷೆ ಮಾಡುವುದಿಲ್ಲ. ಅವನು ತಿಂಡಿ ತರಲು ಹೊರಗೆ ಹೋದಾಗ ಡಂಕನ್ ಆ ಜಾಗವನ್ನು ಮತ್ತೆ ಕೇಳಿಸಿದ. "ಇಲ್ಲೊಂದು ತೂತಿದೆ. ಇನ್ನೊಂದು ಸಲ ಹಾಡ್ತೀರಾ?" ಇನ್ನೊಂದು ಸಲ ಎಂದರೆ ಏನೆಂದು ಅವನಿಗೆ ಗೊತ್ತಿಲ್ಲ. ಒಡೆದ ಮೇಲೆ ಅಂದು ಮತ್ತೆ ಹಾಡುವಂತಿಲ್ಲ. ನೀರಿಗಿಳಿದು ತಲೆಗೆ ನೀರು ಹಾಕಿಕೊಳ್ಳಬೇಕು, ಹಿರಿಯರು ಪ್ರಾರ್ಥನೆ ಹೇಳಬೇಕು, ಎಲ್ಲಕ್ಕಿಂತ ಮೊದಲು ಒಡೆದವಳು ಬಾಯಿಬಿಟ್ಟು ನಾನು ಒಡೆದೆ ಎನ್ನಬೇಕು. "ಮುಚ್ಚೋಕಾಗುತ್ತಾ?" ಎಂದು ಕೇಳಿದಳು ಪಾರೆ. ಮೊದಲನೆಯ ನುಡಿಯಿಂದ ಅವಳದೇ ಒಂದು ಸ್ವರವನ್ನು ಎತ್ತಿ ತಂದು ಅವನು ತೂತಿಗೆ ಕೂರಿಸಿದ. "ಈಗ ದೇವರಿಗೂ ಗೊತ್ತಾಗಲ್ಲ," ಎಂದ. ಅವಳು ನಕ್ಕಳು. ಒಡೆದದ್ದಕ್ಕಿಂತ, ಮುಚ್ಚಿದ್ದಕ್ಕಿಂತ, ಆ ನಗು ನೆನಪಾದಾಗಲೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುವುದು.

ಅಂದಿನಿಂದ ಅವಳು ಲೆಕ್ಕವಿಡದ ದಿನವಿಲ್ಲ. ಅಂಕಲ್ ಹೊಹೆಪಾನ ನಾಯಿ ಸತ್ತಾಗ, ಇಷ್ಟಕ್ಕೇ ಮುಗಿಯಿತೇನೋ, ನಾಯಿಯೂ ಮನೆಯವರೇ ತಾನೇ ಎಂದು ಸಮಾಧಾನ ಪಟ್ಟಿದ್ದಳು, ಆಮೇಲೆ ನಾಚಿಕೆಯಾಯಿತು. ನ್ಯಾನ್‌ಳ ಕಾಲು ಊದಿಕೊಂಡವು. ತಿಪೆನೆಗೆ ಒಂದು ಒಣ ಕೆಮ್ಮು ಹತ್ತಿ ಬಿಡಲಿಲ್ಲ. ಸಂಜೆಗೊಮ್ಮೆ ಫೋನು ಮಾಡಿ ಅವನ ದನಿ ಕೇಳಿದ ಮೇಲೆಯೇ ಅವಳಿಗೆ ಊಟ ಇಳಿಯುತ್ತಿತ್ತು. "ಏನ್ ಸಿಸ್?" "ಸುಮ್ನೆ ಮಾಡ್ದೆ." "ನಿನ್ನೆನೂ ಸುಮ್ನೆ ಮಾಡಿದ್ಯಲ್ಲ. ಯಾವನನ್ನಾದ್ರೂ ಕಟ್ಕೋ ಮಾರಾಯ್ತಿ, ನನಗೂ ಸ್ವಲ್ಪ ಬಿಡುವಾಗುತ್ತೆ." ಅವನ ನಗು ಕೆಮ್ಮಾಗಿ ಮುಗಿಯುತ್ತಿತ್ತು, ಇವಳು ಕೆಮ್ಮು ನಿಲ್ಲುವವರೆಗೆ ಫೋನು ಹಿಡಿದುಕೊಂಡಿರುತ್ತಿದ್ದಳು.

"ಬಿಡು ಆ ಗೆಣಸನ್ನ, ಬದುಕಿಕೊಳ್ಳಲಿ. ಹೋಗಿ ನ್ಯಾನ್‌ಗೆ ಚಹಾ ಕೊಟ್ಟು ಬಾ," ಎಂದು ಆಂಟಿ ವಾಯಿ ಅವಳ ಕೈಯಿಂದ ಚಾಕು ಕಿತ್ತುಕೊಂಡಳು. ಹೊರಗೆ ಗಂಡಸರು ನೆಲದೊಲೆಯ ಗುಂಡಿಯಲ್ಲಿ ಕಲ್ಲು ಕಾಯಿಸುತ್ತಿದ್ದರು. ನ್ಯಾನ್ ಮಾಕೆರೆ ಊಟದ ಮನೆಯ ಗೋಡೆಗೆ ಒರಗಿ, ಬಿಸಿಲಿಗೆ ಊದಿದ ಕಾಲು ಚಾಚಿ, ಬೆಂಚಿನ ಮೇಲೆ ಕೂತಿದ್ದಳು. ಎಂಬತ್ತೆಂಟು ವರ್ಷ. ಕಣ್ಣಿಗೆ ಪೊರೆ ಬಂದು ಮಂದವಾಗಿದ್ದರೂ ಕಿವಿ ಮಾತ್ರ ಬೆಕ್ಕಿನದು. ಮೊಮ್ಮಗಳ ಹೆಜ್ಜೆ ಕೇಳಿ, "ಬಾ ಮೊಕೊ," ಎಂದಳು. ಮೊಮ್ಮಗನಾದರೂ ಮೊಮ್ಮಗಳಾದರೂ ಅವಳಿಗೆ ಅದೊಂದೇ ಕರೆ. "ಬಂದನಾ ಅವನು?"

"ಇನ್ನೂ ಇಲ್ಲ ನ್ಯಾನ್."

"ಹೊಹೆಪಾ ಬೆಳಗಿಂದ ಮುಖ ಗಂಟು ಹಾಕ್ಕೊಂಡಿದ್ದಾನೆ. ಹಾಡನ್ನ ತಟ್ಟೆ ಮೇಲೆ ಕೊರೆದ್ರೆ ಅದು ನಾಳೆ ಹೋಟ್ಲಲ್ಲಿ ಮೀನು ತಿನ್ನೋರ ಮುಂದೂ ಹಾಡುತ್ತೆ ಅಂತಾನೆ. ಹಾಡ್ಲಿ ಬಿಡು ಅಂದೆ. ನನ್ನ ಜೊತೆ ಹಾಡ್ತಿದ್ದ ಆರು ಜನ ಈಗ ಗೋಡೆ ಮೇಲೆ ಪಟ ಆಗಿದಾರೆ. ಪಟಗಳು ಉಸಿರು ಕೊಡ್ತಾವೇನು? ತಪ್ಪಾದ್ರೆ ನನ್ನ ತಲೆ ಮೇಲೆ ಬರಲಿ ಅಂತ ಅವತ್ತೇ ಎಲ್ಲರ ಮುಂದೆ ಹೇಳಿದೀನಲ್ಲ."

ಪಾರೆ ಪಕ್ಕದಲ್ಲಿ ಕೂತಳು. ನ್ಯಾನ್ ಅವಳ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕಾಗದದಂತಹ ಬೆಚ್ಚನೆಯ ಚರ್ಮ, ಅದರಡಿಯಲ್ಲಿ ನಾಡಿ ಎಲ್ಲೋ ನಡೆದು ಎಲ್ಲೋ ತಂಗುತ್ತಿತ್ತು. ಆಗ ಊರಿನ ಅಗ್ನಿಶಾಮಕ ಗಾಡಿ, ಅಂಗಡಿಯ ಹುಡುಗರೂ ಮೇಷ್ಟ್ರೂ ಸೇರಿ ಓಡಿಸುವ ಹಳೆಯ ಕೆಂಪು ಗಾಡಿ, ಅರಚಿಕೊಂಡು ರಸ್ತೆಗಿಳಿದು ಬೆಟ್ಟದ ಕಡೆಗೆ ಓಡಿತು. ಆ ತಿರುವಿನಲ್ಲಿ ಒಂದು ಕ್ಷಣ ಕೆಂಪಗೆ ಕಂಡು ಮರೆಯಾಯಿತು. ಕಲ್ಲು ಕಾಯಿಸುತ್ತಿದ್ದವರು ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದರು. ಪಾರೆ ಕಣ್ಣು ಮುಚ್ಚಿಕೊಂಡಳು. ಮಗುಚಿದ ವ್ಯಾನು, ರಸ್ತೆಯುದ್ದಕ್ಕೂ ಚೆಲ್ಲಿದ ಕರಿ ತಟ್ಟೆಗಳು, ಅವುಗಳ ನಡುವೆ ಅಂಗಾತ ಬಿದ್ದು ಬಾಯಿ ತೆರೆದು ಉಸಿರಿಗಾಗಿ ಕಾಯುತ್ತಿರುವ ತಿಪೆನೆ, ಅಲ್ಲಿ ಪಾರೆ ಇದ್ದಾಳೆ, ಹೊತ್ತಿದ್ದಾಳೆ ಎಂದು ನಂಬಿಕೊಂಡು. ಇವಳಾಗಲಿ. ಮನಸ್ಸಿನಲ್ಲಿ ಮಾತು ತಾನಾಗಿಯೇ ಬಂತು. ಅವನು ಬೇಡ, ಇವಳಾಗಲಿ. ಎಂಬತ್ತೆಂಟಾಯಿತು, ಹೇಗಿದ್ದರೂ ತನ್ನ ತಲೆ ಮೇಲೆ ಬರಲಿ ಎಂದಿದ್ದಾಳೆ, ತೆಗೆದುಕೋ. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು. ಹೇಳುವಾಗ ಅವಳ ಕೈ ನ್ಯಾನ್‌ಳ ಮಡಿಲಿನಲ್ಲೇ ಇತ್ತು, ನ್ಯಾನ್ ಅದನ್ನು ಮೆಲ್ಲಗೆ ತಟ್ಟುತ್ತಿದ್ದಳು.

ಹಾರನ್ ಕೇಳಿದ್ದು ಅದಾದ ಹತ್ತು ನಿಮಿಷಕ್ಕೋ ಇಪ್ಪತ್ತಕ್ಕೋ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ತಿಪೆನೆ ವ್ಯಾನಿನಿಂದ ಧುಮುಕಿ, "ಹಸು!" ಎಂದು ಕೂಗಿದ. "ಹಸು ತುಂಬಿದ ಲಾರಿ ಮಗುಚಿ ಬಿದ್ದಿದೆ! ಡ್ರೈವರಿಗೆ ಏನೂ ಆಗಿಲ್ಲ. ಆದ್ರೆ ನಲವತ್ತು ಹಸು ರಸ್ತೆ ತುಂಬ! ಒಂದೂವರೆ ಗಂಟೆ ನಾನು ಹಸು ಅಟ್ಟಿದೀನಿ. ಒಂದಂತೂ ನನ್ನ ವ್ಯಾನಿನ ಕನ್ನಡಿಯಲ್ಲಿ ಮುಖ ನೋಡ್ಕೊಂಡು ಕದಲ್ಲ ಅಂತು, ಥೇಟ್ ಆಂಟಿ ವಾಯಿ!" ಹೆಂಗಸರು ಸೌಟು ಹಿಡಿದೇ ಹೊರಗೆ ಓಡಿ ಬಂದರು, ಆಂಟಿ ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದಳು. ಪಾರೆ ಹೋಗಿ ಅವನನ್ನು ತಬ್ಬಿಕೊಂಡಳು. ಸಗಣಿ ವಾಸನೆ, ಬೆವರು, ಜೀವಂತ ಬಿಸಿ. "ಅಯ್ಯೋ, ಅಳ್ತಿದ್ದೀಯಾ? ತಟ್ಟೆ ಒಂದೂ ಒಡೆದಿಲ್ಲ ಕಣೇ," ಎಂದ ತಿಪೆನೆ. ಅವಳಿಗೆ ಅಳು ಬಂದದ್ದು ಸಂತೋಷಕ್ಕೇ. ಆದರೆ ಅವನ ಭುಜದ ಮೇಲಿಂದ ಬೆಂಚಿನ ಮೇಲೆ ಕೂತಿದ್ದ ನ್ಯಾನ್ ಕಂಡಳು. ತಾನು ಕೇಳಿಕೊಂಡದ್ದನ್ನು ಅತ್ತ ಕಡೆಯವರು ಯಾರೋ ನಡೆಸಿಕೊಟ್ಟಿದ್ದಾರೆ ಎಂಬ ಯೋಚನೆ ಬಂದು ಅಳು ನಿಂತಿತು. ತಿಪೆನೆ ಬಂದಿದ್ದಾನೆ. ಇನ್ನು ಕೊಡಬೇಕಾದದ್ದು ಕೊಡಬೇಕು.

ನೆಲದೊಲೆಯಲ್ಲಿ ಅಡುಗೆ ಬೇಯುವಷ್ಟರಲ್ಲಿ, ಊಟಕ್ಕೆ ಮೊದಲೇ ಕೇಳಬೇಕೆಂದು ನ್ಯಾನ್ ಹಟ ಹಿಡಿದಳು. ಎಲ್ಲರೂ ಚಪ್ಪಲಿ ಬಿಟ್ಟು, ಕೈ ತೊಳೆದು ಊರು ಕೂಡುವ ದೊಡ್ಡಮನೆಯೊಳಗೆ ಹೋದರು. ಗೋಡೆಗೆ ಒರಗಿಸಿದ ಹಾಸಿಗೆಗಳ ಮೇಲೆ ಜೀವಂತವಿರುವವರು, ಅವರ ತಲೆಯ ಮೇಲೆ ಸಾಲಾಗಿ ಸತ್ತವರ ಪಟಗಳು. ತಿಪೆನೆ ನೆಲದ ಮೇಲೆ ಪ್ಲೇಯರು ಇಟ್ಟು, "ಮಾಕೆರೆಯ ಮೊಮ್ಮಕ್ಕಳು ನಿಮ್ಮ ಮುಂದೆ," ಎಂದು ಡೊಗ್ಗಾಲೂರಿ ನಮಸ್ಕರಿಸಿದ. ಮೊದಲ ಹಾಡಿಗೆ ಎಲ್ಲರ ತಲೆಯೂ ಆಡಿತು, ಐದನೆಯದಕ್ಕೆ ಆಂಟಿ ವಾಯಿ ಎದ್ದು ಸೊಂಟ ಕುಣಿಸಿದಳು, ಒಂಬತ್ತನೆಯದಕ್ಕೆ ಅಂಕಲ್ ಹೊಹೆಪಾ ಕೂಡ ಮುಖದ ಗಂಟು ಬಿಚ್ಚಿ, "ಗಿಟಾರು ಪರವಾಗಿಲ್ಲ," ಎಂದ. ಪಾರೆಗೆ ಒಂದೂ ಕೇಳಿಸಲಿಲ್ಲ. ಹತ್ತನೆಯದು ಶುರುವಾದಾಗ ಯಾರೂ ಹೇಳದೆಯೇ ಎಲ್ಲರೂ ನೆಟ್ಟಗೆ ಕೂತರು. ಗಿಟಾರಿಲ್ಲ, ಡೋಲಿಲ್ಲ, ಎರಡು ದನಿ ಮಾತ್ರ. ನ್ಯಾನ್ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಮೊದಲನೆಯ ನುಡಿ. ಎರಡನೆಯದು. ಪಾರೆ ಆ ಬೆರಳನ್ನೇ ನೋಡುತ್ತಿದ್ದಳು. ಮೂರನೆಯದರ ಕೊನೆ ಬಂತು, ದನಿ ನುಣ್ಣಗೆ ದಾಟಿ ಹೋಯಿತು, ತೂತಿಲ್ಲ, ಗೆರೆಯಿಲ್ಲ. ಬೆರಳು ನಿಂತಿತು. ಮತ್ತೆ ಶುರುವಾಗಲಿಲ್ಲ.

ಹಾಡು ಮುಗಿದಾಗ ಎಲ್ಲರೂ ಅಳುತ್ತಿದ್ದರು. ಅಂಕಲ್ ಹೊಹೆಪಾ ಬಂದು ಇಬ್ಬರ ಹಣೆಗೂ ಹಣೆ ತಾಗಿಸಿ, "ಒಡೆಯದ ಹಾಗೆ ತಂದ್ರಿ ಮಕ್ಕಳೇ. ಇಬ್ಬರೇ! ನಾನು ಹೆದರಿದ್ದೆ," ಎಂದ. ಪಾರೆ ಅವನ ಕಣ್ಣನ್ನು ತಪ್ಪಿಸಿದಳು. ನೆಲದೊಲೆ ತೆಗೆಯುವ ಹೊತ್ತಾಯಿತೆಂದು ಒಬ್ಬೊಬ್ಬರೇ ಹೊರಗೆ ಹೋದರು. "ನನ್ನ ಕಾಲು ಸೋತಿದೆ, ಪಾರೆ ಇರಲಿ," ಎಂದಳು ನ್ಯಾನ್. ಖಾಲಿ ಮನೆಯಲ್ಲಿ ಹಾಸಿಗೆಯ ಮೇಲೆ ಒರಗಿ, ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡಳು. ಹೊರಗೆ ಸಲಿಕೆಯ ಸದ್ದು, ತಿಪೆನೆಯ ಹಸುವಿನ ಕಥೆ ಇನ್ನೊಮ್ಮೆ.

"ಆ ಜಾಗದಲ್ಲಿ ನೀನಿರಲಿಲ್ಲ," ಎಂದಳು ನ್ಯಾನ್. "ದನಿ ನಿಂದೇ. ಆದ್ರೆ ಅದು ಹಾಡು ಶುರು ಮಾಡೋವಾಗಿನ ದನಿ, ಇನ್ನೂ ದಣಿದಿಲ್ಲ. ಮೂರು ನುಡಿ ಹೊತ್ತವಳು ಹಂಗೆ ಹಾಡಲ್ಲ."

"ಒಡೆಯಿತು ನ್ಯಾನ್. ನಾನೇ ಒಡೆದೆ." ಎರಡು ತಿಂಗಳ ಕಲ್ಲು ಇಷ್ಟು ಸುಲಭವಾಗಿ ಬಿತ್ತೇ ಎಂದು ಅವಳಿಗೆ ಆಶ್ಚರ್ಯವಾಯಿತು.

"ಅವನಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ. ಇಬ್ಬರೂ ಹೆದರಿಕೊಂಡ್ರೆ ಹಾಡೋರು ಯಾರು?" ನ್ಯಾನ್ ಅವಳ ಕಡೆಗೆ ಮುಖ ತಿರುಗಿಸಿದಳು. "ಯಾರ ಹೆಸರು ಹೇಳಿದೆ?"

ಪಾರೆಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ, "ಏನು?" ಎಂದಳು.

"ಬೆಳಗ್ಗೆ ಆ ಕೆಂಪು ಗಾಡಿ ಹೋದಾಗ ನಿನ್ನ ಕೈ ನನ್ನ ಮಡಿಲಲ್ಲಿ ತಣ್ಣಗಾಯ್ತಲ್ಲ. ಅವನ ಬದಲು ಯಾರು ಅಂದೆ? ನಾನಾ?"

ಮುಖ ಎಲ್ಲಿಡಬೇಕೆಂದು ತೋಚದೆ ಪಾರೆ ನೆಲದ ಚಾಪೆಯ ಹೆಣಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ನ್ಯಾನ್ ನಕ್ಕಳು, ಹಲ್ಲಿಲ್ಲದ ಬಾಯಿಯ ಸದ್ದಿಲ್ಲದ ನಗು. "ಬುದ್ಧಿವಂತೆ. ನಾನೂ ಅಜ್ಜಿ ಹೆಸರನ್ನೇ ಹೇಳಿದ್ದೆ. ಹತ್ತೊಂಬತ್ತು ವರ್ಷ ನಂಗೆ. ಹಾಡ್ತಾ ಹಾಡ್ತಾ ಕಿಟಕಿಯಾಚೆ ಒಬ್ಬನನ್ನ ನೋಡ್ತಾ ನಿಂತುಬಿಟ್ಟೆ. ಮಿಕ್ಕೋರು ಕೂಡಲೇ ಹೊತ್ಕೊಂಡ್ರು, ಯಾರಿಗೂ ತಿಳೀಲಿಲ್ಲ. ನನಗೆ ತಿಳೀತಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಮನಸ್ಸಲ್ಲಿ ನಿಲ್ಲಿಸ್ಕೊಂಡು ನೋಡ್ದೆ. ಅಜ್ಜಿ ಅಂದೆ."

"ಅಜ್ಜಿ ಸತ್ತಳಾ?"

"ಸತ್ತಳು. ಹನ್ನೊಂದು ವರ್ಷ ಆದ್ಮೇಲೆ."

"ಹಾಗಾದ್ರೆ ಅದು..."

"ಗೊತ್ತಿಲ್ಲ ಮೊಕೊ. ಆ ಹನ್ನೊಂದು ವರ್ಷ ನಾನು ಅವಳ ಪಕ್ಕದಲ್ಲೇ ಮಲಗ್ದೆ. ಉಸಿರು ಎಳೆದ್ಲಾ, ಬಿಟ್ಲಾ ಅಂತ ಕೇಳ್ತಾ. ಕಿಟಕಿಯಾಚೆ ಇದ್ದೋನು ಕಾದು ಕಾದು ಬೇರೆ ಊರಿಗೆ ಹೋದ. ಅಜ್ಜಿ, ಇವಳಷ್ಟು ಪ್ರೀತಿ ನನಗೆ ಇನ್ಯಾರೂ ಕೊಟ್ಟಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ಲು. ಅದನ್ನ ಕೇಳೋವಾಗ ಸತ್ತುಹೋಗೋಣ ಅನ್ನಿಸ್ತಿತ್ತು."

ನ್ಯಾನ್ ಇನ್ನೇನೋ ಹೇಳುತ್ತಾಳೆಂದು ಪಾರೆ ಕಾದಳು. ಪರವಾಗಿಲ್ಲ ಎನ್ನುತ್ತಾಳೆ, ಅದೆಲ್ಲ ಸುಳ್ಳು ಎನ್ನುತ್ತಾಳೆ, ಸಂಜೆ ನೀರಿಗಿಳಿಯೋಣ ಬಾ ಎನ್ನುತ್ತಾಳೆ. ನ್ಯಾನ್ ಆಗಲೇ ತಲೆ ದಿಂಬಿಗೆ ವಾಲಿ, ಬಾಯಿ ಸ್ವಲ್ಪ ತೆರೆದು, ಬಾಗಿಲಿನಿಂದ ಬಂದ ಬಿಸಿಲು ಕಾಲಿನ ಮೇಲೆ ಬಿದ್ದಿರುವಂತೆಯೇ ನಿದ್ದೆ ಹೋಗಿದ್ದಳು. ನಿದ್ದೆಯೇ. ಎದೆ ಏಳುತ್ತಿತ್ತು. ಇಳಿಯುತ್ತಿತ್ತು. ಗೋಡೆಯ ಮೇಲಿಂದ ಆರು ಜನ ಹಾಡುಗಾರರು ನೋಡುತ್ತಿದ್ದರು. "ಸಿಸ್! ಬಾರೇ, ಎಲ್ಲರೂ ಕಾಯ್ತಿದಾರೆ, ಊಟಕ್ಕೆ ಮೊದಲು ಆ ಹಾಡನ್ನ ಇನ್ನೊಂದು ಸಲ ಹಾಡಬೇಕಂತೆ, ಎಲ್ಲರೆದುರಿಗೇ!" ಎಂದು ತಿಪೆನೆ ಅಂಗಳದಿಂದ ಕೂಗಿ ಕೆಮ್ಮಿದ. ಪಾರೆ ಏಳಲಿಲ್ಲ. ನ್ಯಾನ್‌ಳ ಎದೆ ಇಳಿಯಿತು, ಮತ್ತೆ ಏಳಲು ತಡಮಾಡಿತು. ಇನ್ನೂ ತಡಮಾಡಿತು. ಪಾರೆ ಅವಳ ತೆರೆದ ಬಾಯಿಯ ಮೇಲೆ ಬಾಗಿ, ತನ್ನ ಉಸಿರನ್ನು ಹಿಡಿದುಕೊಂಡು, ಬಿಡಲೂ ಹೆದರಿ, ಎಳೆಯಲೂ ಹೆದರಿ ಹಾಗೆಯೇ ಇದ್ದಳು. ಕೊನೆಗೆ ಎಲ್ಲೋ ಆಳದಿಂದ ನ್ಯಾನ್ ಒಮ್ಮೆ ಗಾಳಿ ಎಳೆದುಕೊಂಡ ಮೇಲೆ ತಾನೂ ಎಳೆದುಕೊಂಡಳು. ಆಮೇಲೆ ಮುಂದಿನದಕ್ಕೆ ಕಾಯತೊಡಗಿದಳು.